ಡಿಬಗ್ಗರ್ ಆದೇಶವನ್ನು ತೂಗಿ ನೋಡುವ ಬಗೆ

ಓಡುತ್ತಿರುವ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ನಡುವೆಯೇ ನಿಲ್ಲಿಸಿ, ಆ ಕ್ಷಣದಲ್ಲಿ ಅದರ ಮೆಮೊರಿಯಲ್ಲಿ ಏನಿದೆ ಎಂಬುದನ್ನು ತೆರೆದು ತೋರಿಸಿ, ಬೇಕೆಂದರೆ ಒಂದೊಂದೇ ಸಾಲಾಗಿ ಮುಂದಕ್ಕೆ ನಡೆಸಿ ತಪ್ಪಿನ ಮೂಲವನ್ನು ಹುಡುಕಲು ನೆರವಾಗುವ ತಂತ್ರಾಂಶಕ್ಕೆ ಡಿಬಗ್ಗರ್ ಎಂದು ಹೆಸರು. ಗ್ನೂ ಯೋಜನೆಗಾಗಿ ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಜಿಡಿಬಿ ಈ ಬಗೆಯ ಸಾಧನಗಳಲ್ಲಿ ಬಹಳ ಪ್ರಸಿದ್ಧವಾದುದು. ಅದರೊಡನೆ ವ್ಯವಹರಿಸುವವರು ಟರ್ಮಿನಲ್‌ನಲ್ಲಿ ಒಂದು ಸಾಲನ್ನು ಬೆರಳಚ್ಚಿಸಿ ಎಂಟರ್ ಕೀಲಿಯನ್ನು ಒತ್ತುತ್ತಾರೆ. ಸಾಲಿನ ಮೊದಲ ಪದ ಏನು ಮಾಡಬೇಕೆಂದು ಹೇಳುವ ಕಮಾಂಡ್, ಅಂದರೆ ಆದೇಶ. ಅದರ ನಂತರ ಬರುವ ಹೆಸರು, ಸಂಖ್ಯೆ ಅಥವಾ ಸೂತ್ರ ಆ ಆದೇಶದ ಆರ್ಗ್ಯುಮೆಂಟ್. 'ಬ್ರೇಕ್ 42' ಎಂದರೆ 42ನೆಯ ಸಾಲನ್ನು ತಲುಪಿದಾಗ ನಿಲ್ಲಿಸು ಎಂದೂ 'ಪ್ರಿಂಟ್ ಮೊತ್ತ' ಎಂದರೆ ಮೊತ್ತ ಎಂಬ ವೇರಿಯಬಲ್‌ನ ಈಗಿನ ಬೆಲೆಯನ್ನು ತೋರಿಸು ಎಂದೂ ಅರ್ಥ.

ಕೊಟ್ಟ ಆರ್ಗ್ಯುಮೆಂಟ್ ಸರಿಯೇ ಎಂದು ಪರೀಕ್ಷಿಸುವ ಕೆಲಸ ಎಲ್ಲ ತಂತ್ರಾಂಶಗಳಿಗೂ ಇದ್ದರೂ ಡಿಬಗ್ಗರ್‌ನ ಪಾಲಿಗೆ ಅದು ಹೆಚ್ಚು ಸೂಕ್ಷ್ಮವಾಗುತ್ತದೆ, ಏಕೆಂದರೆ ಇಲ್ಲಿ ಒಂದೇ ಆರ್ಗ್ಯುಮೆಂಟ್ ಈ ಕ್ಷಣ ಸರಿಯಾಗಿದ್ದು ಮರುಕ್ಷಣ ತಪ್ಪಾಗಬಹುದು, ಮತ್ತು ತಪ್ಪನ್ನು ಗುರುತಿಸದೆ ಮುಂದುವರಿದರೆ ಹಾಳಾಗುವುದು ತನಿಖೆಗೆ ಒಳಗಾಗಿರುವ ಇನ್ನೊಂದು ಪ್ರೋಗ್ರಾಂನ ಸ್ಥಿತಿ, ಅಂದರೆ ಸಾಕ್ಷ್ಯವೇ.

ವಾಕ್ಯವೊಂದು ಅರ್ಥ ಕೊಡಬೇಕಾದರೆ ಅದರ ಪದಗಳಿಗೆ ಆಕಾಂಕ್ಷೆಯೂ ಯೋಗ್ಯತೆಯೂ ಇರಬೇಕೆಂದು ಭಾರತೀಯ ಶಾಸ್ತ್ರಕಾರರು ಹೇಳಿದ್ದಾರೆ. ಒಂದು ಪದ ಇನ್ನೊಂದನ್ನು ಬೇಡುವುದು ಆಕಾಂಕ್ಷೆ, ಕೂಡಿದ ಪದಗಳ ಅರ್ಥಗಳು ಒಂದಕ್ಕೊಂದು ಹೊಂದುವುದು ಯೋಗ್ಯತೆ; 'ಬೆಂಕಿಯಿಂದ ನೆನೆಸುತ್ತಾನೆ' ಎಂಬ ಮಾತಿನಲ್ಲಿ ವ್ಯಾಕರಣ ಸರಿಯಿದ್ದೂ ಯೋಗ್ಯತೆಯಿಲ್ಲ. ಜಿಡಿಬಿಯ ಮೊದಲ ಪರೀಕ್ಷೆಗಳಿಗೆ ಇದಕ್ಕಿಂತ ಒಪ್ಪುವ ವಿವರಣೆ ಸಿಗುವುದು ಕಷ್ಟ. ಬೆಲೆ ಬದಲಾದಾಗ ನಿಲ್ಲಿಸು ಎನ್ನುವ 'ವಾಚ್' ಆದೇಶದ ನಂತರ ಏನನ್ನೂ ಬರೆಯದಿದ್ದರೆ ಆರ್ಗ್ಯುಮೆಂಟ್ ಬೇಕು ಎಂಬ ಉತ್ತರ ಬರುತ್ತದೆ, ಅಲ್ಲಿ ಉಳಿದದ್ದು ಆಕಾಂಕ್ಷೆ. 'ವಾಚ್ 5' ಎಂದು ಬರೆದರೆ ಸ್ಥಿರಸಂಖ್ಯೆಯನ್ನು ಕಾಯಲಾಗದು ಎಂಬ ಉತ್ತರ ಬರುತ್ತದೆ, ಏಕೆಂದರೆ ಐದು ಎಂದೆಂದಿಗೂ ಐದೇ ಆಗಿರುವುದರಿಂದ ಅದು ಬದಲಾಗುವುದನ್ನು ಕಾಯುವ ಮಾತಿಗೆ ಯೋಗ್ಯತೆಯಿಲ್ಲ. ಸಂಖ್ಯೆಯ ಬರವಣಿಗೆಗೂ ಪರೀಕ್ಷೆಯಿದೆ: ಸಿ ಭಾಷೆಯ ಪ್ರೋಗ್ರಾಂನಲ್ಲಿ ಸೊನ್ನೆಯಿಂದ ಆರಂಭವಾಗುವ ಸಂಖ್ಯೆ ಅಷ್ಟಮಾನ ಪದ್ಧತಿಯದು, ಅಂದರೆ ಎಂಟನ್ನು ಆಧಾರವಾಗಿ ಉಳ್ಳದ್ದು, ಆದ್ದರಿಂದ 'ಪ್ರಿಂಟ್ 010' ಎಂದರೆ 8 ಎಂಬ ಉತ್ತರವೂ 'ಪ್ರಿಂಟ್ 09' ಎಂದರೆ ಇದು ಸಂಖ್ಯೆಯೇ ಅಲ್ಲ ಎಂಬ ಆಕ್ಷೇಪವೂ ಬರುತ್ತದೆ.

ಇಲ್ಲಿಂದ ಮುಂದಿನ ಪರೀಕ್ಷೆಗಳಿಗೆ ಕಾಲ ಮತ್ತು ಸ್ಥಳ ಬೇಕಾಗುತ್ತವೆ. ಫಂಕ್ಷನ್ ಒಂದರ (ಪ್ರೋಗ್ರಾಂನೊಳಗಿನ ಹೆಸರುಳ್ಳ ಘಟಕದ) ಒಳಗೆ ಘೋಷಿಸಿದ ವೇರಿಯಬಲ್ ಸಾಮಾನ್ಯವಾಗಿ ಆ ಫಂಕ್ಷನ್ ನಡೆಯುತ್ತಿರುವಷ್ಟು ಹೊತ್ತು ಮಾತ್ರ ಬದುಕಿರುವುದರಿಂದ, ಅಲ್ಲಿ ನಿಂತಾಗ ಬೆಲೆ ಕೊಟ್ಟ 'ಪ್ರಿಂಟ್ ಮೊತ್ತ' ಎಂಬ ಆದೇಶವೇ ಫಂಕ್ಷನ್‌ನಿಂದ ಹೊರಬಂದ ಮೇಲೆ, ಈ ಸಂದರ್ಭದಲ್ಲಿ ಅಂಥ ಹೆಸರಿಲ್ಲ ಎಂಬ ಉತ್ತರವನ್ನು ತರುತ್ತದೆ. ಇಪ್ಪತ್ತೇ ಸಾಲುಗಳಿರುವ ಕಡತದಲ್ಲಿ 500ನೆಯ ಸಾಲಿನ ಸುತ್ತಲಿನ ಭಾಗವನ್ನು ತೋರಿಸೆಂದು 'ಲಿಸ್ಟ್' ಆದೇಶದಿಂದ ಕೇಳಿದರೆ ಸಾಲಿನ ಸಂಖ್ಯೆ ಮಿತಿ ಮೀರಿದೆ ಎಂಬುದರ ಜೊತೆಗೆ ಕಡತದಲ್ಲಿ ಎಷ್ಟು ಸಾಲುಗಳಿವೆ ಎಂಬುದನ್ನೂ ಜಿಡಿಬಿ ತಿಳಿಸುತ್ತದೆ. ದೋಷಸಂದೇಶ ಹೇಗಿರಬೇಕೆಂಬುದಕ್ಕೆ ಇದು ಉತ್ತಮ ಮಾದರಿ, ಏಕೆಂದರೆ ಓದಿದವರಿಗೆ ತಪ್ಪೂ ತಿದ್ದುವ ದಾರಿಯೂ ಒಟ್ಟಿಗೇ ಸಿಗುತ್ತವೆ. ಆದರೆ ಇಲ್ಲದ ಫಂಕ್ಷನ್‌ನ ಹೆಸರನ್ನು 'ಬ್ರೇಕ್' ಆದೇಶಕ್ಕೆ ಕೊಟ್ಟಾಗ ಜಿಡಿಬಿ ನೇರವಾಗಿ ನಿರಾಕರಿಸದೆ, ಮುಂದೆ ಯಾವುದಾದರೂ ಲೈಬ್ರರಿ ಸೇರಿಕೊಂಡಾಗ ಜಾರಿಗೆ ಬರುವಂತೆ ಇದನ್ನು ಬಾಕಿ ಇಡಬೇಕೇ ಎಂದು ಕೇಳುತ್ತದೆ. ಓಡುತ್ತಿರುವ ಪ್ರೋಗ್ರಾಂ ಹೊಸ ಸಂಕೇತಭಾಗಗಳನ್ನು ನಡುವೆ ಸೇರಿಸಿಕೊಳ್ಳಬಲ್ಲದಾದ್ದರಿಂದ ಇಂದು ಇಲ್ಲದ ಹೆಸರು ಮುಂದೆ ಇರಬಹುದು. ಅದನ್ನು ತಪ್ಪೆಂದು ತೀರ್ಮಾನಿಸುವ ಅಧಿಕಾರ ಬಳಕೆದಾರರಿಗೇ ಇರಬೇಕೆಂಬ ವಿವೇಕ ಇಲ್ಲಿದೆ.

ಮೆಮೊರಿಯ ವಿಳಾಸಗಳ ವಿಷಯದಲ್ಲಿ ಪರೀಕ್ಷೆ ಮತ್ತು ಪ್ರಯತ್ನ ಒಂದೇ ಆಗಿಬಿಡುತ್ತವೆ. ಸೊನ್ನೆ ಎಂಬ ವಿಳಾಸದಲ್ಲಿರುವುದನ್ನು ತೋರಿಸೆಂದರೆ ಡಿಬಗ್ಗರ್ ಆಪರೇಟಿಂಗ್ ಸಿಸ್ಟಂನ ಮೂಲಕ ಅದನ್ನು ಓದಲು ಯತ್ನಿಸುತ್ತದೆ, ಓದಲು ಬಾರದಿದ್ದರೆ ಆ ವಿಳಾಸದ ಮೆಮೊರಿ ಕೈಗೆಟುಕದು ಎಂದು ವರದಿ ಮಾಡುತ್ತದೆ. ಓದುವುದರಿಂದ ಸಾಮಾನ್ಯವಾಗಿ ಏನೂ ಕೆಡುವುದಿಲ್ಲವಾದ್ದರಿಂದ ಈ ಕ್ರಮ ಸಾಕು. ಬರೆಯುವ ಆದೇಶಗಳಿಗೆ ಮಾತ್ರ ಇದು ಸಾಲದು, ಮತ್ತು 'ಬ್ರೇಕ್' ಒಳಗಿನಿಂದ ಬರೆಯುವ ಆದೇಶವೇ ಆಗಿದೆ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಜಿಡಿಬಿ ಪ್ರೋಗ್ರಾಂನ ಯಂತ್ರಸಂಕೇತದ ಒಂದು ಬೈಟನ್ನು ತೆಗೆದಿಟ್ಟು, ಅದರ ಜಾಗದಲ್ಲಿ 'ಇಲ್ಲಿ ನಿಲ್ಲು' ಎಂದು ಅರ್ಥವಿರುವ 204 ಎಂಬ ಬೈಟನ್ನು ಬರೆಯುತ್ತದೆ. ಅದಕ್ಕೆ ಬ್ರೇಕ್‌ಪಾಯಿಂಟ್ ಎಂದು ಹೆಸರು. ಫಂಕ್ಷನ್‌ನ ಹೆಸರನ್ನೋ ಸಾಲಿನ ಸಂಖ್ಯೆಯನ್ನೋ ಕೊಟ್ಟಾಗ ಬೈಟಿನ ಜಾಗವನ್ನು ಡಿಬಗ್ಗರ್ ತಾನೇ ಲೆಕ್ಕ ಹಾಕುತ್ತದೆ, ಆದರೆ ನಕ್ಷತ್ರಚಿಹ್ನೆಯೊಡನೆ ನೇರ ವಿಳಾಸವನ್ನೇ ಕೊಟ್ಟಾಗ ಅದು ಒಂದು ಸೂಚನೆಯ ಆರಂಭವೇ ಎಂದು ಪರಿಶೀಲಿಸದೆ ಒಪ್ಪಿಕೊಳ್ಳುತ್ತದೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ಕಾಣಬಹುದು. ಇಂಟೆಲ್ ಸಂಕೇತದಲ್ಲಿ 5 ಎಂಬ ಸಂಖ್ಯೆಯನ್ನು ಒಂದು ರಿಜಿಸ್ಟರ್‌ಗೆ, ಅಂದರೆ ಪ್ರೊಸೆಸರ್‌ನ ಒಳಗಿನ ಪುಟ್ಟ ಉಗ್ರಾಣಕ್ಕೆ ತುಂಬುವ ಸೂಚನೆ ಐದು ಬೈಟುಗಳಷ್ಟು ಉದ್ದವಿದ್ದು, ಮೊದಲ ಬೈಟು ಮಾಡಬೇಕಾದ ಕೆಲಸವನ್ನೂ ಎರಡನೆಯದು 5 ಎಂಬ ಸಂಖ್ಯೆಯನ್ನೂ ಹೊತ್ತಿರುತ್ತದೆ. ಬ್ರೇಕ್‌ಪಾಯಿಂಟ್ ತಪ್ಪಿ ಎರಡನೆಯ ಬೈಟಿನ ಮೇಲೆ ಬಿದ್ದರೆ ಪ್ರೋಗ್ರಾಂ ಅಲ್ಲಿ ನಿಲ್ಲುವುದಿಲ್ಲ, 5ರ ಬದಲು 204ನ್ನು ತುಂಬಿಕೊಂಡು ಮುಂದೆ ಸಾಗುತ್ತದೆ. ಜಿಡಿಬಿ ತಾನು ಬರೆದ ಬೈಟನ್ನು ಮರೆಮಾಡಿ ಮೂಲ ಬೈಟನ್ನೇ ತೋರಿಸುವುದರಿಂದ, ಬಳಿಕ ಆ ಜಾಗವನ್ನು ತೆರೆದು ನೋಡುವವರ ಕಣ್ಣಿಗೆ 5 ಎಂದೇ ಕಾಣುತ್ತದೆ. ಇದಕ್ಕೆ ಹೋಲಿಸಿದರೆ ಓದಲಾಗದ ವಿಳಾಸವನ್ನು ಕೊಟ್ಟದ್ದೇ ಒಳಿತು, ಏಕೆಂದರೆ ಪ್ರೋಗ್ರಾಂ ಮುಂದುವರಿಯುವ ಹೊತ್ತಿಗಾದರೂ ಬ್ರೇಕ್‌ಪಾಯಿಂಟ್ ಇಡಲಾಗಲಿಲ್ಲ ಎಂಬ ಎಚ್ಚರಿಕೆ ಬರುತ್ತದೆ.

ಇದೇ ಬಗೆಯ ಇನ್ನೊಂದು ಅಪಾಯ ಷರತ್ತಿನ ಬ್ರೇಕ್‌ಪಾಯಿಂಟ್‌ನಲ್ಲಿದೆ. ಮೊತ್ತ ಐದಾಗಿದ್ದರೆ ಮಾತ್ರ ನಿಲ್ಲಬೇಕು ಎನ್ನಲು ಸಿ ಭಾಷೆಯಲ್ಲಿ 'ಮೊತ್ತ == 5' ಎಂದು ಎರಡು ಸಮಚಿಹ್ನೆಗಳನ್ನು ಬರೆಯಬೇಕು; ಒಂದನ್ನೇ ಬರೆದರೆ ಅದು ಹೋಲಿಕೆಯಾಗದೆ, ಮೊತ್ತಕ್ಕೆ ಐದನ್ನು ತುಂಬುವ ಕ್ರಿಯೆಯಾಗುತ್ತದೆ. ಜಿಡಿಬಿ ಷರತ್ತಿನ ರಚನೆಯನ್ನೂ ಅದರಲ್ಲಿರುವ ಹೆಸರುಗಳನ್ನೂ ಆದೇಶ ಕೊಟ್ಟಾಗಲೇ ಪರೀಕ್ಷಿಸುತ್ತದಾದರೂ 'ಮೊತ್ತ = 5' ಎಂಬುದು ಆ ಭಾಷೆಯಲ್ಲಿ ನ್ಯಾಯವಾದ ಸೂತ್ರವಾದ್ದರಿಂದ ತಿರಸ್ಕರಿಸುವುದಿಲ್ಲ; ಪ್ರತಿ ಸಲವೂ ಮೊತ್ತ ಐದಾಗಿ, ಷರತ್ತು ನಿಜವೆನಿಸಿ, ಪ್ರೋಗ್ರಾಂ ನಿಲ್ಲುತ್ತದೆ, ಮತ್ತು ಹುಡುಕುತ್ತಿದ್ದ ಬೆಲೆಯನ್ನು ಹುಡುಕುವವರೇ ಅಳಿಸಿದಂತಾಗುತ್ತದೆ. ಇದೇ ಬರವಣಿಗೆ ಮೂಲಸಂಕೇತದಲ್ಲಿದ್ದರೆ, ಅದನ್ನು ಯಂತ್ರಸಂಕೇತವಾಗಿಸುವ ಜಿಸಿಸಿ ಎಂಬ ಕಂಪೈಲರ್ ಸಾಮಾನ್ಯ ಎಚ್ಚರಿಕೆಗಳನ್ನು ಚಾಲೂ ಮಾಡಿದಾಗ ಸಂದೇಹವನ್ನು ಸೂಚಿಸುತ್ತದೆ. ಡಿಬಗ್ಗರ್‌ನಲ್ಲಿ ಈ ಎಚ್ಚರಿಕೆ ಕಂಪೈಲರ್‌ನಲ್ಲಿಗಿಂತ ಹೆಚ್ಚು ಅಗತ್ಯ.

ಬಳಕೆದಾರರು ತಾವೇ ರಚಿಸಿಕೊಳ್ಳುವ ಆದೇಶಗಳಿಗೆ ಈ ಪರೀಕ್ಷೆಯ ಹೊಣೆ ಪೂರ್ಣವಾಗಿ ರಚಿಸಿದವರದು. ಜಿಡಿಬಿಯ ಸ್ವಂತ ಭಾಷೆಯಲ್ಲಿ ಎಷ್ಟು ಆರ್ಗ್ಯುಮೆಂಟ್‌ಗಳು ಬಂದಿವೆ ಎಂದು ಹೇಳುವ ಸಂಖ್ಯೆಯೊಂದು ಮೊದಲೇ ದೊರೆಯುತ್ತದೆ. ಪೈಥಾನ್ ಭಾಷೆಯಲ್ಲಿ ಬರೆದ ಆದೇಶಗಳಿಗಾದರೆ, ಬಳಕೆದಾರರ ತಪ್ಪನ್ನು ಪೈಥಾನ್‌ನ ಉದ್ದನೆಯ ದೋಷವರದಿಯಿಲ್ಲದೆ ಒಂದೇ ಸಾಲಿನಲ್ಲಿ ತಿಳಿಸಲು ಪ್ರತ್ಯೇಕವಾದ ಏರ್ಪಾಡಿದೆ.

ಆರ್ಗ್ಯುಮೆಂಟ್ ಇಲ್ಲದಿರುವುದನ್ನೂ ಅರ್ಥವಾಗಿ ಸ್ವೀಕರಿಸುವ ಆದೇಶಗಳಲ್ಲಿ ಒಂದು 'ಡಿಲೀಟ್'. ಸಂಖ್ಯೆ ಕೊಟ್ಟರೆ ಆ ಒಂದು ಬ್ರೇಕ್‌ಪಾಯಿಂಟ್, ಕೊಡದಿದ್ದರೆ ಎಲ್ಲವೂ ಅಳಿಯುತ್ತವೆ. ಅದಕ್ಕೆ ಮುನ್ನ ಜಿಡಿಬಿ ಎಲ್ಲವನ್ನೂ ಅಳಿಸಬೇಕೇ ಎಂದು ಕೇಳುತ್ತದೆ. ಆದೇಶಗಳು ಟರ್ಮಿನಲ್‌ನಿಂದ ಬಾರದೆ ಇನ್ನೊಂದು ಪ್ರೋಗ್ರಾಂನ ಮೂಲಕ ಹರಿದುಬಂದಾಗ ಉತ್ತರಿಸಲು ಯಾರೂ ಇಲ್ಲದ ಕಾರಣ ಅದು ತಾನೇ ಉತ್ತರಿಸಿಕೊಳ್ಳುತ್ತದೆ: ಬ್ರೇಕ್‌ಪಾಯಿಂಟನ್ನು ಬಾಕಿ ಇಡಬೇಕೇ ಎಂಬ ಪ್ರಶ್ನೆಗೆ 'ಬೇಡ' ಎಂದೂ ಎಲ್ಲವನ್ನೂ ಅಳಿಸಬೇಕೇ ಎಂಬ ಪ್ರಶ್ನೆಗೆ 'ಹೌದು' ಎಂದೂ.