ಖಡ್ಗದಿಂದ ನಡುಪಟ್ಟಿಗೆ

ಜಪಾನಿನ ಸ್ತ್ರೀಯರು ಕಿಮೋನೋ ಎಂಬ ನಿಲುವಂಗಿಯನ್ನು ತೊಟ್ಟು, ಅದರ ಮೇಲೆ ಓಬಿ ಎಂಬ ಅಗಲವಾದ ನಡುಪಟ್ಟಿಯನ್ನು ಸುತ್ತಿಕೊಳ್ಳುವರೆಂಬುದು ಬಹುಮಂದಿಗೆ ತಿಳಿದ ಸಂಗತಿ. ಆ ಪಟ್ಟಿಯು ಸಡಿಲದಂತೆ ಅದರ ಮೇಲೆ ಹೆಣೆದ ರೇಷ್ಮೆಯ ದಾರವೊಂದನ್ನು ಬಿಗಿಯುವರು. ಆ ದಾರದಲ್ಲಿ ಪೋಣಿಸಿ, ಮುಂಭಾಗದಲ್ಲಿ ಕಾಣುವಂತೆ ಇರಿಸುವ ಸಣ್ಣ ಆಭರಣಕ್ಕೆ ಓಬಿದೊಮೆ ಎಂದು ಹೆಸರು. ನಮ್ಮ ಡಾಬು ನಡುವನ್ನೆಲ್ಲ ಬಳಸಿ ಬರುವುದು. ಇದಾದರೋ ಅಂಗುಲವೆರಡಂಗುಲದ ಒಂದು ಬಿಲ್ಲೆ ಮಾತ್ರ. ಇಂಥ ಹಳೆಯ ಬಿಲ್ಲೆಗಳನ್ನೂ ಆ ದೇಶದ ಸೇನಾಪದಕಗಳನ್ನೂ ಜೊತೆಯಾಗಿ ಸಂಗ್ರಹಿಸುವವರುಂಟು. ಹೆಂಗಸರ ಒಡವೆಗೂ ಯೋಧರ ಬಿರುದಿಗೂ ಏನು ನಂಟು ಎಂದು ಕೇಳಬಹುದು. ಉತ್ತರವು ಆ ದೇಶದ ಲೋಹಕಾರರ ಚರಿತ್ರೆಯಲ್ಲಿದೆ.

ಸಮುರಾಯಿಗಳ ಕಾಲದಲ್ಲಿ ಖಡ್ಗದ ಹಿಡಿ, ತಡೆಬಿಲ್ಲೆ, ಒರೆ ಇವುಗಳನ್ನು ಅಲಂಕರಿಸುವುದೇ ಒಂದು ದೊಡ್ಡ ಕಸುಬಾಗಿದ್ದಿತು. 1876ನೆಯ ಇಸವಿಯಲ್ಲಿ ಮೇಜಿ ಸರ್ಕಾರವು, ಸೈನಿಕರು, ಪೊಲೀಸಿನವರು ಮೊದಲಾದವರ ಹೊರತು ಇತರರು ಬಹಿರಂಗವಾಗಿ ಖಡ್ಗ ಧರಿಸಕೂಡದೆಂದು ಆಜ್ಞೆ ಹೊರಡಿಸಿತು. ತಲೆಮಾರುಗಳಿಂದ ಬಂದ ಕಸುಬಿಗೆ ಗಿರಾಕಿಗಳೇ ಇಲ್ಲವಾದರು. ಕೈಚಳಕವಿದ್ದವರು ಬೇರೆ ದಾರಿಗಳನ್ನು ಹಿಡಿದರು. ಕೆಲವರು ವಿದೇಶಕ್ಕೆ ಕಳುಹಿಸುವ ಹೂದಾನಿ, ಕರಂಡಕಗಳನ್ನು ಮಾಡಿದರು. ಕೆಲವರು ಓಬಿದೊಮೆಯ ಕೆಲಸಕ್ಕೆ ತಿರುಗಿದರು. ಖಡ್ಗದ ಅಲಂಕಾರದಲ್ಲಿ ಪಳಗಿದ್ದ ಕಾನೋ ನತ್ಸುವೊ (1828–1898) ಎಂಬ ಶಿಲ್ಪಿಯು ಸರ್ಕಾರದ ಹೊಸ ನಾಣ್ಯಗಳಿಗೆ ಮಾದರಿಗಳನ್ನು ಕೆತ್ತಿ, ಮುಂದೆ ಟೋಕಿಯೋ ಲಲಿತಕಲಾ ಶಾಲೆಯಲ್ಲಿ ಅಧ್ಯಾಪಕನಾದನು. ಹಿಡಿಯ ಮೇಲಿದ್ದ ಪುಟ್ಟ ಉಬ್ಬುಚಿತ್ರಗಳಿಗೇ ಹಿಂದೆ ಕುಣಿಕೆಗಳನ್ನು ಬೆಸೆದು ಓಬಿದೊಮೆಯಾಗಿ ಮಾರ್ಪಡಿಸಿದುದೂ ಉಂಟು. ಆದುದರಿಂದ ಇಂಥ ಬಿಲ್ಲೆಯು ಕೈಗೆ ಬಂದರೆ ಮುಖಕ್ಕಿಂತ ಮೊದಲು ಬೆನ್ನನ್ನು ನೋಡತಕ್ಕದ್ದು. ಹಳೆಯ ಲೋಹದ ಮೇಲೆ ಹೊಸ ಬೆಸುಗೆ ಕಂಡರೆ, ಅದು ಒಮ್ಮೆ ಯೋಧನ ಕೈಯಲ್ಲಿದ್ದಿರಬಹುದು.

ಈ ಕುಶಲಿಗಳ ಲೋಹಗಳೂ ವಿಶಿಷ್ಟವಾದವು. ತಾಮ್ರಕ್ಕೆ ನೂರಕ್ಕೆ ಕೆಲವು ಪಾಲು ಚಿನ್ನವನ್ನು ಬೆರಸಿದರೆ ಶಾಕುದೋ. ಬೆಳ್ಳಿಯನ್ನು ಬೆರಸಿದರೆ ಶಿಬುಇಚಿ. ಈ ಎರಡನೆಯ ಹೆಸರಿಗೆ ನಾಲ್ಕರಲ್ಲೊಂದು ಪಾಲು ಎಂದರ್ಥ. ಎರಕ ಹೊಯ್ದಾಗ ಇವು ಸಾಮಾನ್ಯ ಲೋಹದಂತೆಯೇ ಕಾಣುವುವು. ಅವುಗಳನ್ನು ಚೆನ್ನಾಗಿ ತೊಳೆದು, ಮೂಲಂಗಿಯ ರಸದಲ್ಲಿ ಅದ್ದಿ, ತಾಮ್ರದ ಲವಣಗಳ ದ್ರಾವಣದಲ್ಲಿ ಕುದಿಸಿದ ಮೇಲೆಯೇ ಮೊದಲನೆಯದಕ್ಕೆ ನೇರಿಳೆ ಮಿಶ್ರಿತ ಕಪ್ಪೂ, ಎರಡನೆಯದಕ್ಕೆ ಬೂದುಬಣ್ಣವೂ ಬರುವುವು. ಆ ಬಣ್ಣವು ಮೇಲುಹೊದಿಕೆಯಷ್ಟೇ; ಕೂದಲೆಳೆಗಿಂತಲೂ ತೆಳುವಾದುದು. ಇದನ್ನರಿಯದವರು ಕಪ್ಪನ್ನು ಕಿಲುಬೆಂದು ಭಾವಿಸಿ ಹುಣಿಸೆಹಣ್ಣಿನಿಂದಲೋ ಪಾಲಿಷಿನಿಂದಲೋ ಉಜ್ಜಿದರೆ, ಶಿಲ್ಪಿಯ ಕೆಲಸದ ಅರ್ಧಭಾಗವು ಒಂದು ಗಳಿಗೆಯಲ್ಲಿ ಹೋಗುವುದು. ಒಣಗಿದ ಮೃದುವಾದ ಬಟ್ಟೆಯಿಂದ ಧೂಳೊರಸಿದರೆ ಸಾಕು.

ಪದಕಗಳ ವಿಷಯವೂ ಹೀಗೆಯೇ. ಚಿನ್ನದ ಹದ್ದಿನ ಪದಕವು 1890ರಲ್ಲಿ ಸ್ಥಾಪಿತವಾಗಿ, ಯುದ್ಧದಲ್ಲಿ ಪರಾಕ್ರಮ ತೋರಿದವರಿಗೆ ಏಳು ದರ್ಜೆಗಳಲ್ಲಿ ಸಲ್ಲುತ್ತಿದ್ದು, 1947ರಲ್ಲಿ ರದ್ದಾಯಿತು. ಜಿಮ್ಮು ಚಕ್ರವರ್ತಿಯ ಬಿಲ್ಲಿನ ಮೇಲೆ ಹೊಂಬಣ್ಣದ ಹದ್ದೊಂದು ಬಂದು ಕುಳಿತಿತೆಂಬ ಪುರಾಣಕಥೆಯೇ ಆ ಹೆಸರಿಗೆ ಮೂಲ. ಪದಕದೊಡನೆ ಅರಗಿನ ಮೆರುಗಿನ ಪೆಟ್ಟಿಗೆಯೂ, ಪಡೆದವನ ಹೆಸರುಳ್ಳ ಸನ್ನದೂ ಇರುತ್ತಿದ್ದುವು. ಸನ್ನದು ತಪ್ಪಿಹೋದರೆ ಪದಕವು ಯಾರದೆಂದು ಹೇಳುವವರಿಲ್ಲ. ಒಬ್ಬ ಮನುಷ್ಯನ ಬದುಕಿಗೆ ಸಾಕ್ಷಿಯಾಗಿದ್ದುದು ಬರಿಯ ಬೆಳ್ಳಿಯ ತುಂಡಾಗುವುದು.

ಇಂದು ಈ ವಸ್ತುಗಳಲ್ಲಿ ಎಷ್ಟು ಉಳಿದಿವೆಯೋ ಅಷ್ಟೇ ಭಾಗ್ಯ. 1937ರ ಪ್ಯಾರಿಸ್ ಪ್ರದರ್ಶನದಲ್ಲಿ ಮಿಕಿಮೊಟೊ ಸಂಸ್ಥೆಯವರು ಯಾಗುರುಮಾ ಎಂಬ ಮುತ್ತಿನ ಓಬಿದೊಮೆಯನ್ನಿಟ್ಟಿದ್ದರು. ಬಿಡಿಭಾಗಗಳನ್ನು ಜೋಡಿಸಿ ಅದನ್ನು ಹನ್ನೆರಡು ಬಗೆಯಾಗಿ ಧರಿಸಬಹುದಾಗಿತ್ತು. ಮೂರೇ ವರ್ಷಗಳಲ್ಲಿ, 1940ರ ಜುಲೈ 7ರಂದು, ಭೋಗವಸ್ತುಗಳ ತಯಾರಿಕೆ ಮಾರಾಟಗಳಿಗೆ ಸರ್ಕಾರವು ತಡೆಹಾಕಿತು. 1941ರಲ್ಲಿ ಯುದ್ಧಕ್ಕಾಗಿ ಲೋಹವನ್ನು ಒಟ್ಟುಗೂಡಿಸುವ ಶಾಸನವೂ ಬಂದಿತು. 1945ರ ಸೋಲಿನ ತರುವಾಯ ಅನೇಕ ಪದಕಗಳೂ ಖಡ್ಗಗಳೂ ಅಮೆರಿಕದ ಸೈನಿಕರ ಚೀಲಗಳಲ್ಲಿ ಸಾಗರವನ್ನು ದಾಟಿದುವು.

ಈ ಬಗೆಯ ಸಂಗ್ರಹದಲ್ಲಿ ಆಸಕ್ತಿಯುಳ್ಳವರಿಗೆ ನಾವು ಎರಡು ಮಾತುಗಳನ್ನು ಹೇಳಬಯಸುತ್ತೇವೆ. ಓಬಿದೊಮೆಗಳನ್ನು ದಂತದಿಂದಲೂ ಕಡಲಾಮೆಯ ಚಿಪ್ಪಿನಿಂದಲೂ ಮಾಡುತ್ತಿದ್ದರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಮೇರೆಗೆ ಇಂಥ ಪದಾರ್ಥಗಳ ವ್ಯಾಪಾರವು ನಿಷಿದ್ಧ; ಆದಕಾರಣ ಅವನ್ನು ಕೊಳ್ಳಲಾಗದು. ಎರಡನೆಯದಾಗಿ, ಪೆಟ್ಟಿಗೆ, ಕಾಗದ, ದಾರ ಯಾವುದೊಂದನ್ನೂ ಹಳೆಯದೆಂದು ಬಿಸುಡಬಾರದು. ಯಾರಿಂದ, ಎಲ್ಲಿ, ಎಂದು ಕೊಂಡಿರೆಂಬುದನ್ನು ಒಂದು ಚೀಟಿಯಲ್ಲಿ ಬರೆದು ವಸ್ತುವಿನೊಡನೆಯೇ ಇರಿಸಿರಿ. ನಮ್ಮ ತರುವಾಯ ಅದು ಯಾರ ಕೈಸೇರುವುದೋ ಅವರಿಗೆ, ಒಡವೆಯಷ್ಟೇ ಆ ಚೀಟಿಯೂ ಬೆಲೆಯುಳ್ಳದ್ದಾಗುವುದು.