ಅಗ್ಗದ ಏರ್ ಪಿಸ್ತೂಲಿನ ಗುರಿ ಸುಧಾರಿಸುವುದು ಹೇಗೆ?

ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಗುರಿಯ ದೂರ 10 ಮೀಟರ್, ಗುಂಡಿನ ವ್ಯಾಸ 4.5 ಮಿಲಿಮೀಟರ್, ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್. ಹಾಗಾಗಿ ಅಗ್ಗದ ಪಿಸ್ತೂಲಿನಲ್ಲೂ ವೇಗಕ್ಕಿಂತ ಸ್ಥಿರತೆ ಮುಖ್ಯ.

ಮೊದಲನೆಯದು ಗುಂಡು. ಚಪ್ಪಟೆ ಮೂತಿಯ ಪೆಲೆಟ್ ಕಾಗದದಲ್ಲಿ ಅಚ್ಚುಕಟ್ಟಾದ ದುಂಡು ತೂತು ಕೊರೆಯುತ್ತದೆ. ಅಂಕ ಎಣಿಸುವುದು ಸುಲಭವಾಗುತ್ತದೆ. ಎರಡನೆಯದು ಹಿಡಿ. ಮರದ ಹಿಡಿಯ ಉಬ್ಬನ್ನು ಉಪ್ಪು ಕಾಗದದಿಂದ ಉಜ್ಜಿ, ತಗ್ಗಿಗೆ ಪುಟ್ಟಿ ತುಂಬಿ ಅಂಗೈಗೆ ಹೊಂದಿಸಿದರೆ ಮಣಿಕಟ್ಟು ಪ್ರತಿ ಸಲವೂ ಒಂದೇ ಕೋನದಲ್ಲಿ ನಿಲ್ಲುತ್ತದೆ. ಮೂರನೆಯದು ಟ್ರಿಗರ್. ಅದನ್ನು ಹಗುರ ಮಾಡಿಕೊಂಡರೂ ಸ್ಪರ್ಧೆಯಲ್ಲಿ ಅದರ ಎಳೆತ ಕನಿಷ್ಠ 500 ಗ್ರಾಂ ಇರಲೇಬೇಕು.

ಗುರಿಯ ಜೊತೆಗೆ ಕಾನೂನನ್ನೂ ಗಮನಿಸಬೇಕು. ಉದಾಹರಣೆಗೆ, ನೆದರ್ಲೆಂಡ್ಸ್‌ನಲ್ಲಿ ಏರ್ ಪಿಸ್ತೂಲು ಇಟ್ಟುಕೊಳ್ಳಲು 18 ವರ್ಷ ತುಂಬಿರಬೇಕು. ಅಸಲಿ ಪಿಸ್ತೂಲನ್ನೇ ಹೋಲುವ ರೂಪಕ್ಕೆ ಅಲ್ಲಿ ನಿಷೇಧವಿದೆ. ಬೀದಿಯಲ್ಲಿ ಹಿಡಿದು ಓಡಾಡುವಂತಿಲ್ಲ. ಚೀಲದಲ್ಲಿ ಭದ್ರವಾಗಿ ಕಟ್ಟಿಯೇ ಒಯ್ಯಬೇಕು.