ನೆಲದ ಫರ್ಸಿ ಎಣಿಸುವ ತರಗತಿ

ಸನ್ನತಿ ಕಡೆಗೆ ಹೋಗುವ ದಾರಿಯಲ್ಲಿ, ತೊಗರಿ ಹೊಲಗಳ ನಡುವಿನ ಊರೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದು. ಚಿತ್ತಾಪುರ, ಸೇಡಂ ಸೀಮೆಯಲ್ಲಿ ಇಂಥ ಶಾಲೆಗಳು ಎಷ್ಟೋ ಇರುವುದರಿಂದ ಹೆಸರು ಬೇಡ. ಗೇಟು ದಾಟಿದ ಕೂಡಲೇ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಎಳೆದ ದೊಡ್ಡ ಚೌಕ ಕಾಣಿಸಿತು. ಒಂದೊಂದು ಬದಿ 33 ಅಡಿ, ಒಟ್ಟು 1,089 ಚದರಡಿ. ಅಂದರೆ ಒಂದು ಗುಂಟೆ. ಇಂಥ 40 ಸೇರಿದರೆ ಎಕರೆ. ಹೊಲದ ಮಾತು ಬಂದಾಗಲೆಲ್ಲ ಮನೆಯಲ್ಲಿ ಕೇಳುವ ಗುಂಟೆ ಎಷ್ಟಿದೆ ಎಂದು ಆರನೇ ತರಗತಿಯವರು ಅದರ ಅಂಚಿನ ಮೇಲೆ ಹೆಜ್ಜೆ ಹಾಕಿ ನೋಡುತ್ತಾರಂತೆ.

ಧ್ವಜಸ್ತಂಭದ ಹತ್ತಿರ ನಾಲ್ಕು ಹುಡುಗರು ನೆರಳು ಅಳೆಯುತ್ತಿದ್ದರು. ನೆಟ್ಟಗೆ ಹಿಡಿದ ಒಂದು ಮೀಟರ್ ಕೋಲಿನ ನೆರಳು 80 ಸೆಂಟಿಮೀಟರ್, ಕಂಬದ್ದು 4.8 ಮೀಟರ್. ಹಾಗಾದರೆ ಕಂಬ 6 ಮೀಟರ್ ಎತ್ತರ. ಆ ಪೈಕಿ ಒಬ್ಬ ಒಪ್ಪಲಿಲ್ಲ. ಕೋಲು ಅಳೆದು ಟೇಪು ಹುಡುಕುವಷ್ಟರಲ್ಲಿ ಬಿಸಿಲು ಸರಿದಿದೆ, ಎರಡನ್ನೂ ಒಂದೇ ಹೊತ್ತಿಗೆ ಅಳೆಯಬೇಕು ಎಂದು ಹಟ ಹಿಡಿದ. ಮತ್ತೆ ಅಳೆದರು. ಎರಡನೇ ಉತ್ತರ ಎಷ್ಟು ಬಂತೋ, ಅಷ್ಟರಲ್ಲಿ ನಾನು ಒಳಗೆ ಹೋಗಿದ್ದೆ.

ಇದೇ ಸೀಮೆಯ ಮಳಖೇಡ, ಕಾಗಿಣಾ ದಂಡೆಯ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಕೊನೆಯ ಅಧ್ಯಾಯ ನೆರಳಿನ ಲೆಕ್ಕದ್ದೇ. ಹಣ್ಣು ಹಂಚುವುದು, ಬಡ್ಡಿ, ದಾರಿಯಲ್ಲಿ ಸಿಕ್ಕ ಹಣದ ಚೀಲ, ಗುಂಡಿಯ ಅಗೆತ ಎಲ್ಲ ಅದರಲ್ಲಿವೆ. ಲೋಕದ ವ್ಯವಹಾರದಿಂದಲೇ ಲೆಕ್ಕ ಕಲಿಸುವ ದಾರಿ ಈ ನಾಡಿಗೆ ಹೊಸದಲ್ಲ.

ಏಳನೇ ತರಗತಿಯ ಕೋಣೆಯಲ್ಲಿ ನಾನು ಹೆಚ್ಚು ಹೊತ್ತು ಕುಳಿತೆ. ನೆಲಕ್ಕೆ ಹಾಸಿದ್ದು ಶಹಾಬಾದ್ ಫರ್ಸಿ, ಎರಡಡಿಗೆ ಎರಡಡಿಯ ಬೂದುಬಣ್ಣದ ಕಲ್ಲು. ‘ಈ ಕೋಣೆಗೆ ಎಷ್ಟು ಫರ್ಸಿ ತರಬೇಕಾಗಿತ್ತು?’ ಎಂದಷ್ಟೇ ಟೀಚರ್ ಕೇಳಿ ಕಿಟಕಿ ಪಕ್ಕ ನಿಂತರು. ಮಕ್ಕಳು ಬೆಂಚು ಸರಿಸಿ ನೆಲಕ್ಕಿಳಿದರು. ಅಡ್ಡಕ್ಕೆ 8 ಇಡೀ ಕಲ್ಲು. ಉದ್ದಕ್ಕೆ 9 ಇಡೀ ಕಲ್ಲು, ಗೋಡೆಯ ಬುಡದಲ್ಲಿ 15 ಇಂಚಿನ ಕತ್ತರಿಸಿದ ತುಂಡು. ಸಂದಿನ ಸಿಮೆಂಟನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಂದು ಗುಂಪು ಹತ್ತೊಂಬತ್ತೂಕಾಲನ್ನು ಹದಿನಾರರಿಂದ ಗುಣಿಸಿ 308 ಚದರಡಿ, ನಾಲ್ಕರಿಂದ ಭಾಗಿಸಿದರೆ 77 ಕಲ್ಲು ಎಂದಿತು. ಇನ್ನೊಂದು ಗುಂಪು 80 ಎಂದಿತು.

‘ಮೂರು ಕಲ್ಲು ಎಲ್ಲಿ ಹೋದ್ವು?’ ಎಂದು ಗಲಾಟೆ ಶುರುವಾಯಿತು. ಗೋಡೆ ಪಕ್ಕ ಕುಳಿತಿದ್ದ ಹುಡುಗಿ ತುಂಡಿನ ಮೇಲೆ ಕೈಯಿಟ್ಟು ಹೇಳಿದಳು: ‘ಇದು ಅರ್ಧಕ್ಕಿಂತ ದೊಡ್ಡದದರಿ ಟೀಚರ್. ಒಂದು ಕಲ್ಲಿನಾಗ ಎರಡು ಹೆಂಗ ಬರ್ತಾವ? ಉಳಿದದ್ದು ಒಂಬತ್ತೇ ಇಂಚು.’ ಎಂಟು ತುಂಡಿಗೆ ಎಂಟು ಕಲ್ಲು ಬೇಕೇ ಬೇಕು. ಉಳಿದ ಚೂರುಗಳೆಲ್ಲ ಸೇರಿ 12 ಚದರಡಿ, ಸರಿಯಾಗಿ ಮೂರು ಕಲ್ಲಿನಷ್ಟು. ವಿಸ್ತೀರ್ಣ ಕೇಳಿದರೆ 308, ಅಂಗಡಿಗೆ ಹೋದರೆ 320. ಟೀಚರ್ ಈಗಲೂ ಯಾವುದು ಸರಿ ಎನ್ನಲಿಲ್ಲ. ‘ಚೂರು ಏನ್ ಮಾಡ್ತಾರವಾ?’ ಎಂದರು. ಕಟ್ಟೆಗೆ ಹಾಕ್ತಾರ, ಗೋಡೆ ಬುಡಕ್ಕೆ ಹಚ್ಚತಾರ ಎಂದು ಹಿಂದಿನಿಂದ ಉತ್ತರ ಬಂತು.

ನನಗೆ ಇಲ್ಲಿ ಹಿಡಿಸಿದ್ದು ಇದು. ಲೆಕ್ಕದಲ್ಲಿ ಮಾವಿನಹಣ್ಣಿನ ಬದಲು ತೊಗರಿ ಎಂದು ಬರೆದ ಮಾತ್ರಕ್ಕೆ ಅದು ಬದುಕಿನ ಲೆಕ್ಕವಾಗುವುದಿಲ್ಲ. ಅಂಕಿಯನ್ನು ಮಗು ತಾನೇ ಅಳೆದು ತರಬೇಕು, ಉತ್ತರ ಸರಿಯೋ ತಪ್ಪೋ ಎಂದು ನೆಲವನ್ನೇ ಕೇಳುವಂತಿರಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ. ಒಂದೇ ಪ್ರಶ್ನೆಗೆ ಇಡೀ ಪಿರಿಯಡ್ ಹೋಯಿತು. ಹಿಂದಿನ ಸಾಲಿನಲ್ಲಿ ಮೂವರು ಬರೀ ಬರೆದುಕೊಳ್ಳುತ್ತಿದ್ದರು. ಅವರಿಗೆ ಎಷ್ಟು ದಕ್ಕಿತೋ ಹೇಳಲಾರೆ.

ಅಡುಗೆ ಕೋಣೆಯ ಹೊರಗೆ ಕಪ್ಪು ಹಲಗೆ ಇದೆ. 1ರಿಂದ 5ನೇ ತರಗತಿಗೆ ತಲೆಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ. ದೊಡ್ಡವರಿಗೆ 150 ಮತ್ತು 30. ಹಾಜರಿ ಹಿಡಿದು ಅಕ್ಕಿ–ಬೇಳೆ ಲೆಕ್ಕ ಹಾಕುವುದು ಮಕ್ಕಳ ಪಾಳಿ. ಅಂದು ಸಣ್ಣವರು 62, ದೊಡ್ಡವರು 45. ಅಕ್ಕಿ 12 ಕಿಲೋ 950 ಗ್ರಾಂ ಎಂದು ಬರೆದಿತ್ತು. ಒಳಗಿದ್ದ ಅಡುಗೆಯಮ್ಮ ಡಬ್ಬಿಯಿಂದ ಅಳೆದು ಹಾಕಿ ಆಗಿತ್ತು.

ಕೊನೆಗೆ ಟೀಚರ್ ತಮ್ಮ ಕೋಣೆಯಲ್ಲಿ ಮಕ್ಕಳೇ ಲೆಕ್ಕ ಕಟ್ಟಿದ ನೋಟ್‌ಬುಕ್ ತೋರಿಸಿದರು. ಒಂದು ಪುಟದಲ್ಲಿ ಹೀಗಿತ್ತು: ತೊಗರಿ ಬಿತ್ತಲು 20,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಮೂರು, ರಾಶಿಯಾಗುವ ತನಕ 8 ತಿಂಗಳು. ಬಡ್ಡಿ 4,800. ಕೆಳಗೆ ಕೆಂಪು ಶಾಯಿಯಲ್ಲಿ, ‘ವರ್ಷಕ್ಕೆ ನೂರಕ್ಕೆ ಒಂಬತ್ತಾದರೆ?’ ಎಂಬ ಪ್ರಶ್ನೆ. ಮಗು 1,200 ಎಂದು ಬರೆದಿತ್ತು. ಅದರ ಮುಂದೆ ಪೆನ್ಸಿಲಿನಲ್ಲಿ ಅದೇ ಕೈಬರಹ: ‘ಈ ಬಡ್ಡಿಗೆ ಎಲ್ಲಿ ಕೊಡ್ತಾರ್ರಿ?’ ಟೀಚರ್ ಅದಕ್ಕಿನ್ನೂ ಉತ್ತರ ಬರೆದಿರಲಿಲ್ಲ. ಬ್ಯಾಂಕಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ ಎಂದರು.